ಸಲಹೆ ಕೇಳಿ ಸೋತ ಮೇಲೆ



ಇವತ್ತಿನ ಮಾತು ಮುಂದಾಳುಗಳ ಬಗ್ಗೆ. ದೇಶ ಆಳುವವರ ಬಗ್ಗೆ ಅಲ್ಲ. ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಹತ್ತು ಜನರ ಮೇಲೆ, ನೂರು ಜನರ ಮೇಲೆ ಇರುವವರ ಬಗ್ಗೆ. ಸೂಪರ್‌ವೈಸರ್, ಫೋರ್‌ಮನ್, ಟೀಮ್ ಲೀಡ್, ಮ್ಯಾನೇಜರ್. ನೀವೇ ಅಂಥವರಲ್ಲಿ ಒಬ್ಬರಿರಬಹುದು. ಇಲ್ಲವೇ ಅಂಥವರ ಕೈಕೆಳಗೆ ದುಡಿಯುತ್ತಿರಬಹುದು. ಇಬ್ಬರಿಗೂ ಸಲ್ಲುವ ಮಾತಿದು.

ಈ ಮಾತನ್ನು ನಾನು ಕೆಲಸ ಮಾಡಿದ ಬೆಂಗಳೂರಿನ ಮಹದೇವಪುರದಿಂದ ಶುರು ಮಾಡುತ್ತೇನೆ. ಮಹದೇವಪುರ ಎಂದರೆ ಈಗಿನವರಿಗೆ ನೆನಪಾಗುವುದು ಹೊರವರ್ತುಲ ರಸ್ತೆ, ಗಾಜಿನ ಗೋಡೆಯ ಎತ್ತರದ ಕಟ್ಟಡಗಳು, ಬೆಳಗ್ಗೆ ಸಂಜೆ ಸಾಲುಗಟ್ಟುವ ಕ್ಯಾಬ್‌ಗಳು. ಆದರೆ ಅದರ ಮಗ್ಗುಲಲ್ಲೇ ದೂರವಾಣಿನಗರ ಇದೆ. 1948ರಲ್ಲಿ ಐಟಿಐ ಟೆಲಿಫೋನ್ ಕಾರ್ಖಾನೆ ಹುಟ್ಟಿದ್ದು ಅಲ್ಲಿ. ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶ ಇದೆ. ಅಲ್ಲಿನ ಶೆಡ್‌ಗಳಲ್ಲಿ ಇವತ್ತಿಗೂ ಲೇತ್ ತಿರುಗುತ್ತದೆ, ಪ್ರೆಸ್ ಬಡಿಯುತ್ತದೆ. 1990ರ ದಶಕದಲ್ಲಿ ವೈಟ್‌ಫೀಲ್ಡ್ ಕಡೆ ಐಟಿಪಿಎಲ್ ಟೆಕ್ ಪಾರ್ಕ್ ಎದ್ದಿತು. ಸರ್ಕಾರಿ ಕಾರ್ಖಾನೆ, ಖಾಸಗಿ ಶೆಡ್, ಸಾಫ್ಟ್‌ವೇರ್ ಕಂಪನಿ. ಮೂರೂ ಕೆಲವೇ ಮೈಲಿ ಒಳಗೆ.

ಈ ಭಾಗದ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ನಾನು ಬಹಳ ಕಾಲ ಕೆಲಸ ಮಾಡಿದ್ದೇನೆ. ಮೂರೂ ಬಗೆಯ ಜಾಗಗಳಲ್ಲಿ ಸ್ನೇಹಿತರಿದ್ದಾರೆ. ಕೆಲಸಗಾರರ ಬಾಯಲ್ಲಿ ಎಲ್ಲ ಕಡೆಯೂ ಒಂದೇ ದೂರು. "ನಮ್ಮನ್ನ ಕೇಳ್ತಾರೆ ಸಾರ್. ಮಾಡೋದು ಮಾತ್ರ ಅವರಿಗೆ ಬೇಕಾದ್ದನ್ನೇ." ಇದು ನಿಮಗೂ ಪರಿಚಿತ. ಮೇಲಿನವರ ಬಾಯಲ್ಲಿ ಬರುವ ಇನ್ನೊಂದು ಮಾತಿದೆ. "ಒಂದ್ಸಲ ಕೇಳಿ ನೋಡಿದ್ವಿ ಸಾರ್. ಅವರು ಹೇಳಿದಂಗೇ ಮಾಡಿದ್ವಿ. ಎಡವಟ್ಟಾಯ್ತು. ಇನ್ನು ಕೇಳೋದಿಲ್ಲ."

ಈ ಎರಡನೆಯ ಮಾತೇ ಇವತ್ತಿನ ವಿಷಯ. ಸಲಹೆ ಕೇಳಿ, ಅದರಂತೆ ನಡೆದು, ಸೋತ ಮೇಲೆ ಮುಂದಾಳು ಏನು ಮಾಡಬೇಕು? ಇದಕ್ಕೆ ಉತ್ತರ ಹುಡುಕಿಕೊಂಡು ನಾನು ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇನೆ. ಸುಮಾರು 1400 ವರ್ಷ ಹಿಂದಿನ ಮದೀನಾ ಪಟ್ಟಣಕ್ಕೆ. ಪ್ರವಾದಿ ಮುಹಮ್ಮದರು ಮತ್ತು ಅವರ ಸಂಗಾತಿಗಳ ಕಾಲಕ್ಕೆ.

ಮೊದಲ ಘಟನೆ 624ನೆಯ ಇಸವಿಯದು. ಜಾಗದ ಹೆಸರು ಬದ್ರ್. ಮಕ್ಕಾದಿಂದ ಬಂದ ಎದುರಾಳಿ ಕುರೈಶ್ ಕುಲದವರ ದೊಡ್ಡ ದಂಡು ಒಂದು ಕಡೆ. ಪ್ರವಾದಿಯವರ ಜೊತೆ ಸುಮಾರು 300 ಜನ ಇನ್ನೊಂದು ಕಡೆ. ಮರಳುಗಾಡು. ನೀರಿನ ಬಾವಿಗಳು ಅಲ್ಲೊಂದು ಇಲ್ಲೊಂದು. ಪ್ರವಾದಿಯವರು ಒಂದು ಕಡೆ ಬೀಡು ಬಿಟ್ಟರು. ಆಗ ಹುಬಾಬ್ ಎಂಬ ಮದೀನಾದ ಮನುಷ್ಯ ಬಂದು ಒಂದು ಪ್ರಶ್ನೆ ಕೇಳಿದ. ಇಲ್ಲಿ ನಿಂತದ್ದು ದೇವರ ಅಪ್ಪಣೆಯೇ? ಹಾಗಿದ್ದರೆ ನಾವು ಒಂದು ಹೆಜ್ಜೆಯೂ ಕದಲುವುದಿಲ್ಲ. ಅಥವಾ ಇದು ತಮ್ಮ ಅಭಿಪ್ರಾಯ, ಯುದ್ಧದ ಲೆಕ್ಕಾಚಾರವೇ? ಅಭಿಪ್ರಾಯವೇ, ಎಂದು ಉತ್ತರ ಬಂತು. ಹಾಗಾದರೆ ಈ ಜಾಗ ಸರಿಯಿಲ್ಲ, ಎಂದ ಹುಬಾಬ್. ಶತ್ರುವಿಗೆ ಹತ್ತಿರದ ಬಾವಿಯವರೆಗೂ ಹೋಗೋಣ, ಉಳಿದ ಬಾವಿಗಳನ್ನು ಮುಚ್ಚೋಣ, ನೀರು ನಮ್ಮ ಕೈಲಿರಲಿ ಎಂದ. ಪ್ರವಾದಿಯವರು ಒಪ್ಪಿದರು. ಬೀಡು ಎದ್ದಿತು. ಯುದ್ಧದಲ್ಲಿ ಗೆಲುವೂ ಬಂತು.

ಈ ಕಥೆಯನ್ನು ಹೇಳುವವರೆಲ್ಲ ಸಲಹೆಯನ್ನು ಹೊಗಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಹುಬಾಬ್ ಕೇಳಿದ ಪ್ರಶ್ನೆ. ಇದು ಅಪ್ಪಣೆಯೋ ಅಭಿಪ್ರಾಯವೋ? ನಮ್ಮ ಕಚೇರಿಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದೇ ಇಲ್ಲ. ವೈಟ್‌ಫೀಲ್ಡಿನ ಮ್ಯಾನೇಜರ್ ಒಂದು ಡೆಡ್‌ಲೈನ್ ಹೇಳುತ್ತಾರೆ. ಅದು ಅಮೆರಿಕದ ಗ್ರಾಹಕ ಕೊಟ್ಟ ಗಡುವೇ? ಬದಲಾಯಿಸಲು ಆಗದ್ದೇ? ಅಥವಾ ಇವರೇ ಒಂದು ಅಂದಾಜಿನಲ್ಲಿ ಹೇಳಿದ್ದೇ? ಟೀಮಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಜನ ಸುಮ್ಮನಿರುತ್ತಾರೆ. ಮಾತಾಡಿ ಕೆಟ್ಟವರಾಗುವುದು ಯಾರಿಗೆ ಬೇಕು? ಯಾವುದು ಕದಲದ್ದು, ಯಾವುದು ಕದಲಿಸಬಹುದಾದ್ದು ಎಂದು ಮೊದಲೇ ಹೇಳುವುದು ಮುಂದಾಳುವಿನ ಕೆಲಸ. ಹುಬಾಬ್ ಕೇಳಿ ತಿಳಿದುಕೊಂಡ. ಎಲ್ಲರಿಗೂ ಅಷ್ಟು ಧೈರ್ಯ ಇರುವುದಿಲ್ಲ.

ಇದೇ ಮಾತಿಗೆ ಸೇರುವ ಇನ್ನೊಂದು ಸಣ್ಣ ಸಂಗತಿ. ಮದೀನಾ ಖರ್ಜೂರದ ತೋಟಗಳ ಊರು. ಅಲ್ಲಿನ ರೈತರು ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಾರೆ ಸೇರಿಸುತ್ತಿದ್ದರು. ಹಾಗೆ ಮಾಡದಿದ್ದರೂ ನಡೆದೀತು ಎಂಬ ಅರ್ಥದ ಮಾತನ್ನು ಪ್ರವಾದಿಯವರು ಒಮ್ಮೆ ಆಡಿದರು. ರೈತರು ನಿಲ್ಲಿಸಿದರು. ಆ ವರ್ಷ ಫಸಲು ಕೆಟ್ಟಿತು. ಆಗ ಅವರು, ನಿಮ್ಮ ಕಸುಬಿನ ಸಂಗತಿ ನಿಮಗೇ ಚೆನ್ನಾಗಿ ಗೊತ್ತು ಎಂದು ಹೇಳಿ, ರೈತರ ತಿಳಿವಳಿಕೆಯನ್ನು ರೈತರಿಗೇ ಬಿಟ್ಟರು. ಸಾವಿರಾರು ಜನ ಪ್ರಾಣ ಕೊಡಲು ಸಿದ್ಧರಿದ್ದ ಮುಂದಾಳು ಆಡಿದ ಮಾತು ಅದು. ಇಪ್ಪತ್ತು ವರ್ಷ ಒಂದೇ ಮಷೀನಿನ ಮುಂದೆ ನಿಂತ ಆಪರೇಟರ್‌ಗೆ ಆ ಮಷೀನಿನ ಸದ್ದಿನಲ್ಲೇ ಬೇರಿಂಗ್ ಸವೆದದ್ದು ತಿಳಿಯುತ್ತದೆ. ನಿನ್ನೆ ಸೇರಿದ ಎಂಜಿನಿಯರ್ ಆ ಮಾತನ್ನು ಕೇಳಬೇಕಾದ್ದು ದೊಡ್ಡ ಗುಣ ತೋರಿಸಲಿಕ್ಕಲ್ಲ. ಗೊತ್ತಿರುವವನು ಆಪರೇಟರೇ, ಅದಕ್ಕೆ.

ಇಲ್ಲಿಯವರೆಗೆ ಹೇಳಿದ್ದು ಸಲಹೆ ಕೇಳಿ ಗೆದ್ದ ಕಥೆ, ಮತ್ತು ಕೆಲಸ ಬಲ್ಲವನ ತಿಳಿವಳಿಕೆಗೆ ತಲೆಬಾಗಿದ ಕಥೆ. ಗೆಲುವು ಬಂದಾಗ ಕೇಳುವುದು ಸುಲಭ. ಈಗ ಸೋಲಿನ ಕಥೆಗೆ ಬರೋಣ.

ಬದ್ರ್ ಆದ ಮರುವರ್ಷ, 625. ಸೋತ ಕುರೈಶರು ಸೇಡಿಗಾಗಿ ಸುಮಾರು 3000 ಜನರೊಂದಿಗೆ ಮದೀನಾದ ಹತ್ತಿರಕ್ಕೆ ಬಂದರು. ಊರಿನ ಉತ್ತರಕ್ಕೆ ಉಹುದ್ ಎಂಬ ಬೆಟ್ಟ. ಅದರ ತಪ್ಪಲಲ್ಲಿ ಬೀಡು ಬಿಟ್ಟರು. ಮದೀನಾದಲ್ಲಿ ಸಭೆ ಸೇರಿತು. ಪ್ರವಾದಿಯವರ ಒಲವು ಊರೊಳಗೇ ಉಳಿಯುವ ಕಡೆಗಿತ್ತು. ಶತ್ರು ಓಣಿಗಳಿಗೆ ಬರಲಿ, ಅಲ್ಲಿ ಎದುರಿಸೋಣ ಎಂಬುದು. ಹಿರಿಯರಲ್ಲಿ ಹಲವರದೂ ಅದೇ ಅಭಿಪ್ರಾಯ. ಆದರೆ ಯುವಕರಿದ್ದರು. ಬದ್ರ್‌ನಲ್ಲಿ ಇರಲಿಲ್ಲವಲ್ಲ ಎಂಬ ಕೊರಗು ಅವರಲ್ಲಿ ಬಹಳ ಮಂದಿಗೆ. ಹೊರಗೆ ಹೋಗಿ ಕಾದೋಣ, ಊರೊಳಗೆ ಕೂತರೆ ಹೇಡಿಗಳೆನ್ನುತ್ತಾರೆ ಎಂದರು. ಅವರ ದನಿಯೇ ಮೇಲಾಯಿತು. ಪ್ರವಾದಿಯವರು ಅದನ್ನು ಒಪ್ಪಿದರು. ಒಳಗೆ ಹೋಗಿ ಕವಚ ತೊಟ್ಟು ಬಂದರು.

ಅಷ್ಟರಲ್ಲಿ ಯುವಕರಿಗೆ ಅಳುಕು. ಪ್ರವಾದಿಯವರ ಮನಸ್ಸಿಗೆ ವಿರುದ್ಧವಾಗಿ ಒತ್ತಾಯ ಮಾಡಿದೆವೇನೋ ಎಂದು. ಬೇಡ, ತಮ್ಮ ಇಚ್ಛೆಯಂತೆ ಇಲ್ಲೇ ಇರೋಣ ಎಂದರು. ಅವರು ಒಪ್ಪಲಿಲ್ಲ. ಕವಚ ತೊಟ್ಟ ಪ್ರವಾದಿ ಕೆಲಸ ಮುಗಿಯುವ ಮೊದಲು ಅದನ್ನು ಕಳಚುವುದಿಲ್ಲ ಎಂದರು. ಕೇಳುಗರೇ, ಇದನ್ನು ಸ್ವಲ್ಪ ನಿಂತು ನೋಡಿ. ಸಭೆಯ ತೀರ್ಮಾನ ಅವರದೇ ಅಭಿಪ್ರಾಯಕ್ಕೆ ವಿರುದ್ಧ. ಅದನ್ನು ಕೈಬಿಡಲು ಅವಕಾಶ ತಾನಾಗಿ ಬಂತು. ಆದರೂ ಕೈಬಿಡಲಿಲ್ಲ. ತೀರ್ಮಾನ ಆದ ಮೇಲೆ ಅದು ಯುವಕರ ಅಭಿಪ್ರಾಯವಾಗಿ ಉಳಿಯಲಿಲ್ಲ. ಪ್ರವಾದಿಯವರದೂ ಆಯಿತು.

ಸುಮಾರು 1000 ಜನ ಹೊರಟರು. ದಾರಿಯಲ್ಲೇ ಒಂದು ಪೆಟ್ಟು. ಊರಿನ ಪ್ರಬಲ ಮುಖಂಡನೊಬ್ಬ, ಅಬ್ದುಲ್ಲಾ ಇಬ್ನ್ ಉಬಯ್, ಸುಮಾರು 300 ಜನರನ್ನು ಕರೆದುಕೊಂಡು ಹಿಂದಿರುಗಿದ. ಅವನದು ಊರೊಳಗೆ ಉಳಿಯಬೇಕೆಂಬ ಪಕ್ಷ. ನನ್ನ ಮಾತು ಬಿಟ್ಟು ಹುಡುಗರ ಮಾತು ಕೇಳಿದರು ಎಂಬುದು ಅವನ ಸಿಟ್ಟು. ನಮ್ಮ ಕಂಪನಿಗಳ ಹಿರಿಯ ಅಧಿಕಾರಿಗಳ ಮುಖದಲ್ಲಿ ಈ ಸಿಟ್ಟನ್ನು ನಾನು ಕಂಡಿದ್ದೇನೆ. ಸಭೆಯಲ್ಲಿ ತಮ್ಮ ಮಾತು ಬಿದ್ದುಹೋದರೆ, ಆ ಕೆಲಸ ಕೆಡಲಿ ಎಂದು ಕಾದು ಕೂರುವವರು ಇವರು.

ಉಳಿದವರು 700. ಎದುರಿಗೆ 3000. ಒಂದು ದಿಬ್ಬದ ಮೇಲೆ 50 ಬಿಲ್ಲುಗಾರರನ್ನು ನಿಲ್ಲಿಸಿದರು. ಗೆದ್ದರೂ ಸೋತರೂ ಜಾಗ ಬಿಡಬೇಡಿ ಎಂದು ಖಚಿತವಾಗಿ ಹೇಳಿದರು. ಯುದ್ಧ ಶುರುವಾಯಿತು. ಮೊದಮೊದಲು ಗೆಲುವೇ ಕಂಡಿತು. ಕುರೈಶರು ಹಿಂದೆ ಸರಿದರು. ಆಗ ದಿಬ್ಬದ ಮೇಲಿದ್ದವರಲ್ಲಿ ಹೆಚ್ಚಿನವರು ಕೊಳ್ಳೆಯ ಆಸೆಗೆ ಕೆಳಗಿಳಿದರು. ಕುರೈಶರ ಕುದುರೆ ಪಡೆ ಆ ತೆರಪಿನಲ್ಲಿ ಹಿಂದಿನಿಂದ ನುಗ್ಗಿತು. ಗೆಲುವು ಸೋಲಾಯಿತು. ಸುಮಾರು 70 ಜನ ಸತ್ತರು. ಪ್ರವಾದಿಯವರ ಚಿಕ್ಕಪ್ಪ ಹಂಝಾ ಅವರಲ್ಲಿ ಒಬ್ಬರು. ಪ್ರವಾದಿಯವರ ಮುಖಕ್ಕೇ ಗಾಯವಾಯಿತು, ಹಲ್ಲು ಮುರಿಯಿತು.

ಈಗ ಯೋಚಿಸಿ. ಬೇರೆ ಯಾವ ಮುಂದಾಳು ಆಗಿದ್ದರೂ ಮರುದಿನ ಏನು ಹೇಳುತ್ತಿದ್ದ? ನಾನು ಮೊದಲೇ ಹೇಳಿರಲಿಲ್ಲವೇ? ನಿಮ್ಮ ಮಾತು ಕೇಳಿದ್ದಕ್ಕೇ ಇದಾಯಿತು. ಇನ್ನು ಮುಂದೆ ನಾನು ಹೇಳಿದಂತೆ ಮಾತ್ರ. ಹಾಗೆ ಹೇಳಲು ಅವರಿಗೆ ಎಲ್ಲ ಕಾರಣ ಇತ್ತು. 70 ಹೆಣಗಳು ಎದುರಿಗಿದ್ದವು.

ಆದರೆ ಉಹುದ್ ಆದ ಮೇಲೆ ಬಂದ ಕುರ್‌ಆನಿನ ಆದೇಶ ಬೇರೆಯೇ ದಿಕ್ಕಿನದು. ಅದು ಮೂರನೆಯ ಅಧ್ಯಾಯದಲ್ಲಿದೆ. ಅದರ ತಾತ್ಪರ್ಯ ಹೀಗೆ. ದೇವರ ಕರುಣೆಯಿಂದ ನೀನು ಅವರೊಂದಿಗೆ ಮೃದುವಾಗಿದ್ದೆ, ಕಠಿಣನಾಗಿದ್ದರೆ ಅವರು ನಿನ್ನನ್ನು ಬಿಟ್ಟು ಚದುರುತ್ತಿದ್ದರು. ಅವರನ್ನು ಕ್ಷಮಿಸು. ಕೆಲಸಗಳಲ್ಲಿ ಅವರ ಸಲಹೆ ಕೇಳು. ಸೋಲಿನ ಮರುಗಳಿಗೆಯಲ್ಲಿ, ಸೋತ ಅದೇ ಜನರ ಸಲಹೆಯನ್ನು ಕೇಳುತ್ತಲೇ ಇರಬೇಕೆಂಬ ಆದೇಶ. ಇಸ್ಲಾಮಿನ ಸಮಾಲೋಚನಾ ಪದ್ಧತಿಗೆ ಶೂರಾ ಎಂದು ಹೆಸರು. ಕುರ್‌ಆನಿನ 42ನೆಯ ಅಧ್ಯಾಯಕ್ಕೇ ಆ ಹೆಸರಿದೆ. ಶೂರಾದ ಬಗ್ಗೆ ಪುಸ್ತಕಗಳು ಬಹಳ ಇವೆ. ನನಗೆ ಅದರ ಗಟ್ಟಿತನ ಕಾಣುವುದು ಉಹುದ್‌ನಲ್ಲಿ.

ಇನ್ನೊಂದು ಸೂಕ್ಷ್ಮ. ಸೋಲಿಗೆ ಕಾರಣ ಯುವಕರ ಸಲಹೆಯೇ? ಅಲ್ಲ. ಹೊರಗೆ ಹೋಗಿ ಕಾದಿದ್ದರಿಂದ ಮೊದಲು ಗೆಲುವೇ ಬಂದಿತ್ತು. ಸೋಲು ಬಂದದ್ದು ಬಿಲ್ಲುಗಾರರು ಜಾಗ ಬಿಟ್ಟಿದ್ದರಿಂದ. ತೀರ್ಮಾನ ಬೇರೆ, ಅದನ್ನು ನಡೆಸಿದ ಬಗೆ ಬೇರೆ. ನಮ್ಮಲ್ಲಿ ಇವೆರಡನ್ನೂ ಬೆರೆಸಿಬಿಡುತ್ತೇವೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಲೈನ್ ಬದಲಾಯಿಸೋಣ ಎಂದು ಟೈಲರ್‌ಗಳು ಹೇಳಿದರು ಎನ್ನಿ. ಬದಲಾಯಿಸಿದ ವಾರವೇ ಬಟ್ಟೆ ತಡವಾಗಿ ಬಂತು, ಟಾರ್ಗೆಟ್ ತಪ್ಪಿತು. ತಪ್ಪು ಯಾರ ತಲೆಗೆ? ಸಲಹೆ ಕೊಟ್ಟವರ ತಲೆಗೆ. ಆ ಲೈನಿನಲ್ಲಿ ಮತ್ತೆ ಯಾರೂ ಬಾಯಿ ತೆರೆಯುವುದಿಲ್ಲ.

ಸೋತ ಮೇಲೂ ಕೇಳುವುದನ್ನು ಬಿಡಲಿಲ್ಲ ಎಂದೆ. ಅದರಿಂದ ಏನಾಯಿತು? ಎರಡು ವರ್ಷ ಕಳೆದು ಬಂದದ್ದು ಖಂದಕ್, ಅಂದರೆ ಕಂದಕದ ಯುದ್ಧ.

627. ಈ ಸಲ ಬಂದ ಒಕ್ಕೂಟದ ಸೈನ್ಯ ಸುಮಾರು 10,000. ಮದೀನಾದ ಕಡೆ ಸುಮಾರು 3000. ಮತ್ತೆ ಸಭೆ. ಮತ್ತೆ ಅದೇ ಪ್ರಶ್ನೆ, ಏನು ಮಾಡೋಣ? ಈ ಸಲ ಮಾತಾಡಿದವನು ಸಲ್ಮಾನ್. ಪರ್ಷಿಯಾದವನು. ಅರಬನಲ್ಲ. ತೀರಾ ಇತ್ತೀಚಿನವರೆಗೆ ಗುಲಾಮನಾಗಿದ್ದವನು. ಬದ್ರ್‌ನಲ್ಲೂ ಉಹುದ್‌ನಲ್ಲೂ ಇರದಿದ್ದವನು. ಇವತ್ತಿನ ಲೆಕ್ಕದಲ್ಲಿ ಹೊರರಾಜ್ಯದಿಂದ ಬಂದ, ಕೆಲಸಕ್ಕೆ ಹೊಸಬ. ನಮ್ಮ ಕಡೆ ಮುತ್ತಿಗೆ ಬಂದರೆ ಕಂದಕ ತೋಡುತ್ತಾರೆ ಎಂದು ಅವನು ಹೇಳಿದ. ಅರಬರು ಅದುವರೆಗೆ ಕಂಡಿರದ ಉಪಾಯ. ಒಪ್ಪಿದರು. ಊರಿನ ತೆರೆದ ಬದಿಯಾದ ಉತ್ತರಕ್ಕೆ ಕಂದಕ ತೋಡಲು ತೊಡಗಿದರು. ಹತ್ತು ಹತ್ತು ಜನರ ಗುಂಪು. ಒಂದೊಂದು ಗುಂಪಿಗೆ 40 ಮೊಳ. ಪ್ರವಾದಿಯವರೂ ಮಣ್ಣು ಹೊತ್ತರು. ಚಳಿ, ಹಸಿವು. ಕಂದಕ ಮುಗಿಯಿತು. ಶತ್ರುವಿನ ಕುದುರೆಗಳು ಅದರ ಅಂಚಿಗೆ ಬಂದು ನಿಂತವು. ವಾರಗಟ್ಟಲೆ ಮುತ್ತಿಗೆ ಹಾಕಿ, ಕೊನೆಗೆ ಬಿರುಗಾಳಿಗೆ ಬೇಸತ್ತು ಸೈನ್ಯ ಹಿಂದಿರುಗಿತು.

ಉಹುದ್ ಆದ ಮೇಲೆ ಸಭೆಯ ಬಾಗಿಲು ಮುಚ್ಚಿದ್ದರೆ ಸಲ್ಮಾನ್ ಮಾತಾಡುತ್ತಿರಲಿಲ್ಲ. ನಾನು ಹೇಳಬೇಕೆಂದಿರುವುದರ ತಿರುಳು ಇದೇ.

ಇದುವರೆಗೆ ಮದೀನಾದ ಮಾತಾಯಿತು. ಅಪ್ಪಣೆ ಯಾವುದು, ಅಭಿಪ್ರಾಯ ಯಾವುದು ಎಂದು ಹೇಳಬೇಕು. ತೀರ್ಮಾನವಾದ ಮೇಲೆ ಅದರ ಜೊತೆ ನಿಲ್ಲಬೇಕು. ಸೋತರೂ ಕೇಳುವುದನ್ನು ಬಿಡಬಾರದು. ಈಗ ನಮ್ಮ ಊರಿಗೆ ಬರೋಣ. ಕೇಳುವ ಪದ್ಧತಿ ನಮ್ಮ ನೆಲದಲ್ಲಿ ಹೇಗೆ ಬಾಳಿತು?

ಹಳೆಯ ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ದಿವಾನ್ ರಂಗಾಚಾರ್ಲು ಶುರು ಮಾಡಿದ್ದು. ದಸರಾ ಹೊತ್ತಿಗೆ ಸದಸ್ಯರು ಮೈಸೂರಿಗೆ ಬರುತ್ತಿದ್ದರು. ಕೆರೆ ಒಡೆದದ್ದು, ಕಂದಾಯ ಹೆಚ್ಚಾದದ್ದು, ರಸ್ತೆ ಇಲ್ಲದ್ದು, ಎಲ್ಲವನ್ನೂ ದಿವಾನರ ಮುಂದೆ ಇಡುತ್ತಿದ್ದರು. ಬ್ರಿಟಿಷ್ ಇಂಡಿಯಾದಲ್ಲಿ ಇನ್ನೂ ಕಾಂಗ್ರೆಸ್ ಹುಟ್ಟಿರಲಿಲ್ಲ. ಅಷ್ಟು ಮುಂಚಿನ ಮಾತು. ಆದರೆ ಆ ಸಭೆಗೆ ಹೇಳುವ ಹಕ್ಕಿತ್ತು. ತೀರ್ಮಾನಿಸುವ ಹಕ್ಕಿರಲಿಲ್ಲ.

1926ರಿಂದ 1941ರವರೆಗೆ ಆ ಸಭೆಗೆ ದಿವಾನರಾಗಿ ಬಂದವರು ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನಲ್ಲೇ ಹುಟ್ಟಿದವರು. ಅವರ ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದು ಇಲ್ಲಿ ನೆಲೆ ನಿಂತವರು. ಅವರ ಹೆಸರಿನ ರಸ್ತೆ ಇವತ್ತಿಗೂ ನಗರದಲ್ಲಿದೆ. ಮಿರ್ಜಾ ಅವರು ಮದೀನಾದ ಮಾದರಿ ಇಟ್ಟುಕೊಂಡು ಆಡಳಿತ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಅವರ ಕಾಲವನ್ನು ತೆಗೆದುಕೊಂಡದ್ದಕ್ಕೆ ಬೇರೆ ಕಾರಣವಿದೆ. ಬೆಂಗಳೂರಿನ ಕೈಗಾರಿಕೆಗೆ ಅವರ ಋಣ ದೊಡ್ಡದು. 1940ರ ಕೊನೆಯಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ತೆರೆದಾಗ ಮೈಸೂರು ಸರ್ಕಾರ ಅದರ ಪಾಲುದಾರ ಆಯಿತು. ಅದೇ ಇವತ್ತಿನ ಎಚ್‌ಎಎಲ್. ಮಾರತಹಳ್ಳಿಯ ಮಗ್ಗುಲಲ್ಲಿದೆ. ಸ್ವತಃ ತಿರುಗಿ, ಕಣ್ಣಾರೆ ನೋಡಿ ಕೆಲಸ ಮಾಡಿಸುವುದರಲ್ಲಿ ಅವರಿಗೆ ಹೆಸರಿತ್ತು.

ಆದರೆ 1938ರ ಏಪ್ರಿಲ್‌ನಲ್ಲಿ ಏನಾಯಿತು? ಮದ್ದೂರಿನ ಹತ್ತಿರ ಶಿವಪುರದಲ್ಲಿ ಕಾಂಗ್ರೆಸ್ಸಿಗರು ನಿಷೇಧ ಮೀರಿ ಬಾವುಟ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲದಿಂದ ಜನರ ಅಹವಾಲು ಕೇಳುವ ಸಭೆ ಇದ್ದ ರಾಜ್ಯ ಅದು. ಅಲ್ಲೇ ಹೀಗಾಯಿತು. ನನ್ನ ಅಭಿಪ್ರಾಯ ಇಷ್ಟು. ಕೇಳುವುದಕ್ಕೆ ಸಭೆ ಇತ್ತು, ಒಪ್ಪಿಸುವುದಕ್ಕೆ ಅಧಿಕಾರ ಇರಲಿಲ್ಲ. ಅಧಿಕಾರವಿಲ್ಲದ ಮಾತು ಕೊನೆಗೆ ಬಯಲಿಗೆ ಬಂತು.

ಆಮೇಲಿನ ಸಂಗತಿಯನ್ನೂ ಹೇಳಬೇಕು. ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ. ಗುಂಡಿನ ಮರುತಿಂಗಳೇ ಮಿರ್ಜಾ ಅವರು ಸರ್ದಾರ್ ಪಟೇಲರೊಂದಿಗೆ ಮಾತುಕತೆಗೆ ಕೂತರು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂದು ಒಪ್ಪಂದವಾಯಿತು. ಮಿರ್ಜಾ–ಪಟೇಲ್ ಒಪ್ಪಂದ ಎಂದು ಅದು ಪ್ರಸಿದ್ಧ. ನಿನ್ನೆ ನಿಷೇಧಿಸಿದ್ದನ್ನು ಇವತ್ತು ಒಪ್ಪುವುದು ಅಧಿಕಾರದಲ್ಲಿರುವವರಿಗೆ ಸುಲಭವಲ್ಲ. ಅವರು ಒಪ್ಪಿದರು. ಗುಂಡಿಗೆ ಮೊದಲೇ ಕೂತಿದ್ದರೆ ಎಂದು ಅನ್ನಿಸುವುದೂ ಸಹಜ.

ಹೀಗೆ, ಕೇಳುವುದು ಒಂದು, ಅಧಿಕಾರ ಕೊಡುವುದು ಇನ್ನೊಂದು ಎಂದು ಮೈಸೂರಿನ ಉದಾಹರಣೆಯಲ್ಲಿ ಕಂಡೆವು. ಇದೇ ಅಂತರ ಕಾರ್ಖಾನೆಗಳಲ್ಲೂ ಕಂಡಿದೆ.

1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಲ್ಲಿ ದೊಡ್ಡ ಮುಷ್ಕರ ಶುರುವಾಯಿತು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್, ಮತ್ತು ನಮ್ಮ ದೂರವಾಣಿನಗರದ ಐಟಿಐ. ಸುಮಾರು ಒಂದೂಕಾಲು ಲಕ್ಷ ಕಾರ್ಮಿಕರು. ಎರಡೂವರೆ ತಿಂಗಳು. ಬಿಎಚ್‌ಇಎಲ್ ಕಾರ್ಮಿಕರಿಗೆ ಸಿಗುವಷ್ಟು ಸಂಬಳ ಬೇಕೆಂಬುದು ಬೇಡಿಕೆ. ಮಾತುಕತೆಯ ಮೇಜಿನ ಆಚೆ ಕೂತ ಇಲ್ಲಿನ ಆಡಳಿತ ವರ್ಗದ ಕೈ ಕಟ್ಟಿತ್ತು. ಸಂಬಳದ ಮಿತಿ ದೆಹಲಿಯಿಂದ ಬರುತ್ತಿತ್ತು. ಹುಬಾಬ್‌ನ ಪ್ರಶ್ನೆಯನ್ನು ಇಲ್ಲಿ ಕೇಳಿದ್ದರೆ, ಎಲ್ಲವೂ ಅಪ್ಪಣೆಯೇ ಎಂಬ ಉತ್ತರ ಬರುತ್ತಿತ್ತು. ಬೇಡಿಕೆ ಈಡೇರದೆ 1981ರ ಮಾರ್ಚ್‌ನಲ್ಲಿ ಮುಷ್ಕರ ಮುಗಿಯಿತು. ಆ ತಿಂಗಳುಗಳಲ್ಲಿ ಒಡವೆ ಅಡವಿಟ್ಟ ಮನೆಗಳ ಕಥೆ ದೂರವಾಣಿನಗರ, ಕೆ.ಆರ್. ಪುರದ ಹಿರಿಯರಿಗೆ ಗೊತ್ತು.

ಇನ್ನೊಂದು ಇತ್ತೀಚಿನದು. 2016ರ ಏಪ್ರಿಲ್. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಗಾರ್ಮೆಂಟ್ಸ್ ಹೆಂಗಸರಿಗೆ ಆ ಹಣವೇ ಕಷ್ಟಕಾಲದ ಗಂಟು. ಮಗಳ ಮದುವೆ, ಆಸ್ಪತ್ರೆ, ಕೆಲಸ ಬಿಟ್ಟಾಗಿನ ನಾಲ್ಕು ತಿಂಗಳು. ಅವರನ್ನು ಯಾರೂ ಕೇಳಿರಲಿಲ್ಲ. ಹೊಸೂರು ರಸ್ತೆಯಲ್ಲಿ, ಪೀಣ್ಯದ ಕಡೆ ತುಮಕೂರು ರಸ್ತೆಯಲ್ಲಿ ಸಾವಿರಾರು ಹೆಂಗಸರು ಕೆಲಸ ಬಿಟ್ಟು ಇಳಿದರು. ದೊಡ್ಡ ಸಂಘಟನೆಯ ಕರೆ ಇರಲಿಲ್ಲ. ಹೆಸರಾಂತ ನಾಯಕರಿರಲಿಲ್ಲ. ಎರಡೇ ದಿನ. ನಿಯಮ ವಾಪಸಾಯಿತು. ಅದರಲ್ಲಿ ಕಲ್ಲು ತೂರಿದ್ದು, ಬಸ್ಸು ಸುಟ್ಟದ್ದು, ಲಾಠಿ ಏಟು ಎಲ್ಲವೂ ಇತ್ತು. ಅದು ಆಗಬಾರದಿತ್ತು. ಆದರೆ ಒಂದು ಮಾತು ನಿಜ. ತಮ್ಮ ಹಣದ ವಿಷಯ ಆ ಹೆಂಗಸರಿಗೆ ದೆಹಲಿಗಿಂತ ಚೆನ್ನಾಗಿ ಗೊತ್ತಿತ್ತು. ಖರ್ಜೂರದ ರೈತರಿಗೆ ತೋಟದ ವಿಷಯ ಗೊತ್ತಿದ್ದ ಹಾಗೆ.

ನಮ್ಮ ಕಾನೂನಿನಲ್ಲಿ ಕೇಳುವ ವ್ಯವಸ್ಥೆ ಇಲ್ಲವೇ? ಇದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು. 100 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಸರ್ಕಾರ ಹೇಳಿದರೆ ಕಾರ್ಮಿಕರೂ ಆಡಳಿತದವರೂ ಕೂಡಿದ ಸಮಿತಿ ಇರಬೇಕು. ಕಾರ್ಮಿಕರ ಪ್ರತಿನಿಧಿಗಳು ಆಡಳಿತದವರಿಗಿಂತ ಕಡಿಮೆ ಇರಕೂಡದು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. 20 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಕುಂದುಕೊರತೆ ಸಮಿತಿ ಬೇಕು, ಅದರಲ್ಲಿ ಎರಡೂ ಕಡೆಯವರು ಸಮನಾಗಿರಬೇಕು, ಹೆಂಗಸರು ಅವರ ಪ್ರಮಾಣಕ್ಕೆ ತಕ್ಕಂತೆ ಇರಬೇಕು ಎನ್ನುತ್ತದೆ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಟ್ಟಾಗಲೂ ಕುಂದುಕೊರತೆ ಸಮಿತಿ ಇರಬೇಕೆಂಬುದು ಷರತ್ತುಗಳಲ್ಲಿ ಒಂದಾಗಿತ್ತು. ಅಂದರೆ ಕಾಗದದ ಮೇಲೆ ಸಭೆ ಇದೆ. ಬಹಳ ಕಡೆ ಅದರಲ್ಲಿ ಚರ್ಚೆ ಆಗುವುದು ಕ್ಯಾಂಟೀನಿನ ಸಾಂಬಾರು, ಶೌಚಾಲಯದ ನಲ್ಲಿ. ಅವೂ ಬೇಕು. ಆದರೆ ಟಾರ್ಗೆಟ್ ಎಷ್ಟು, ಶಿಫ್ಟ್ ಹೇಗೆ, ಹೊಸ ಮಷೀನು ಎಲ್ಲಿ ಎಂಬ ಮಾತು ಅಲ್ಲಿಗೆ ಬರುವುದೇ ಅಪರೂಪ.

ಸಮಿತಿಯ ಮಾತು ಇಷ್ಟಾಯಿತು. ಕೇಳುವುದಕ್ಕೂ ಅಧಿಕಾರ ಬಿಟ್ಟುಕೊಡುವುದಕ್ಕೂ ಇರುವ ದೂರವನ್ನು ದಾಟುವುದು ಹೇಗೆ? ಇದಕ್ಕೆ ಮತ್ತೆ ಮದೀನಾಕ್ಕೆ ಹೋಗಬೇಕು. 632ನೆಯ ಇಸವಿಗೆ. ನನಗೆ ಬಹಳ ಇಷ್ಟವಾದ ಪ್ರಸಂಗ ಇದು.

ಪ್ರವಾದಿಯವರ ಕೊನೆಯ ದಿನಗಳು. ಉತ್ತರಕ್ಕೆ ಒಂದು ಸೈನ್ಯ ಹೊರಡಬೇಕು. ಅದಕ್ಕೆ ನಾಯಕನಾಗಿ ಅವರು ನೇಮಿಸಿದ್ದು ಉಸಾಮಾನನ್ನು. ಇಪ್ಪತ್ತರ ಆಸುಪಾಸಿನ ಹುಡುಗ. ತಂದೆ ಝೈದ್, ಬಿಡುಗಡೆಯಾದ ಗುಲಾಮ. ತಾಯಿ ಉಮ್ಮು ಐಮನ್, ಅಬಿಸೀನಿಯಾ ಮೂಲದವರು. ಆ ಸೈನ್ಯದಲ್ಲಿ ಉಮರ್‌ರಂಥ ಹಿರಿಯರಿದ್ದರು. ಗೊಣಗಾಟ ಶುರುವಾಯಿತು. ಜ್ವರದಲ್ಲಿದ್ದ ಪ್ರವಾದಿಯವರು ತಲೆಗೆ ಬಟ್ಟೆ ಕಟ್ಟಿಕೊಂಡೇ ಹೊರಗೆ ಬಂದರು. ಇವನ ತಂದೆಯ ನಾಯಕತ್ವಕ್ಕೂ ನೀವು ಹೀಗೇ ಆಕ್ಷೇಪ ಎತ್ತಿದ್ದಿರಿ, ಅವನೂ ಯೋಗ್ಯನಿದ್ದ, ಇವನೂ ಯೋಗ್ಯ ಎಂದು ಎಲ್ಲರೆದುರು ಹೇಳಿದರು. ಅಧಿಕಾರ ಕೊಟ್ಟು ಹುಡುಗನನ್ನು ಒಂಟಿಯಾಗಿ ಬಿಡಲಿಲ್ಲ.

ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಸಂಗಾತಿ ಅಬೂಬಕರ್ ಖಲೀಫರಾದರು, ಅಂದರೆ ಅವರ ನಂತರದ ಮುಂದಾಳು. ಅಧಿಕಾರ ವಹಿಸಿದ ದಿನ ಅವರು ಜನರಿಗೆ ಹೇಳಿದ್ದರ ಸಾರ ಇದು. ನಾನು ನಿಮ್ಮಲ್ಲಿ ಎಲ್ಲರಿಗಿಂತ ಮೇಲಿನವನಲ್ಲ, ಸರಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ. ಆಗ ಹಲವರು ಸಲಹೆ ಕೊಟ್ಟರು. ಕಾಲ ಸರಿಯಿಲ್ಲ, ಸೈನ್ಯ ಕಳಿಸಬೇಡಿ. ಕಳಿಸುವುದಾದರೆ ಹುಡುಗನ ಬದಲು ಹಿರಿಯನನ್ನು ನೇಮಿಸಿ. ಅಬೂಬಕರ್ ಎರಡನ್ನೂ ಒಪ್ಪಲಿಲ್ಲ. ಎಲ್ಲ ಸಲಹೆಯನ್ನೂ ಪಾಲಿಸಬೇಕೆಂದಿಲ್ಲ. ಕೇಳಿದ ಮೇಲೆ ಬೇಡ ಎನ್ನುವ ಹೊಣೆಯೂ ಮುಂದಾಳುವಿನದೇ. ಆದರೆ ಅವರು ಬೇಡ ಎಂದದ್ದು ಯಾವುದಕ್ಕೆ? ಕಿರಿಯನಿಗೆ ಕೊಟ್ಟ ಅಧಿಕಾರವನ್ನು ಕಿತ್ತುಕೊಳ್ಳುವುದಕ್ಕೆ.

ಸೈನ್ಯ ಹೊರಟಿತು. ಉಸಾಮಾ ಕುದುರೆಯ ಮೇಲೆ. ಖಲೀಫರು ಪಕ್ಕದಲ್ಲಿ ಕಾಲ್ನಡಿಗೆಯಲ್ಲಿ. ಹುಡುಗನಿಗೆ ಮುಜುಗರ. ತಾವೂ ಕುದುರೆ ಏರಿ, ಇಲ್ಲವೇ ನಾನು ಇಳಿಯುತ್ತೇನೆ ಎಂದ. ನೀನು ಇಳಿಯುವುದೂ ಬೇಡ, ನಾನು ಏರುವುದೂ ಬೇಡ ಎಂದರು ಅಬೂಬಕರ್. ಆಮೇಲೆ ಒಂದು ಕೋರಿಕೆ ಇಟ್ಟರು. ಉಮರ್ ನಿನ್ನ ಸೈನ್ಯದಲ್ಲಿದ್ದಾರೆ. ನನಗೆ ಇಲ್ಲಿ ಅವರ ನೆರವು ಬೇಕು. ನಿನಗೆ ಸರಿ ಕಂಡರೆ ಅವರನ್ನು ನನಗೆ ಬಿಟ್ಟುಕೊಡುವೆಯಾ?

ಇಡೀ ರಾಜ್ಯದ ಒಡೆಯ ಅವರು. ಉಮರ್‌ರನ್ನು ಉಳಿಸಿಕೊಳ್ಳಲು ಒಂದು ಮಾತು ಸಾಕಿತ್ತು. ಆದರೆ ಸೈನ್ಯ ಉಸಾಮಾನದು. ಅದರಲ್ಲಿನ ಒಬ್ಬ ಮನುಷ್ಯನನ್ನು ತೆಗೆಯಬೇಕಾದರೂ ಉಸಾಮಾನನ್ನು ಕೇಳಬೇಕು. ಕಂಪನಿಯಲ್ಲಿ ಕೆಲಸ ಮಾಡುವವರು ಇದನ್ನು ತಟ್ಟನೆ ಅರ್ಥಮಾಡಿಕೊಳ್ಳುತ್ತಾರೆ. ಟೀಮ್ ಲೀಡ್‌ಗೆ ಹೇಳದೆ ಅವನ ಟೀಮಿನ ಒಳ್ಳೆಯ ಹುಡುಗಿಯನ್ನು ಬೇರೆ ಪ್ರಾಜೆಕ್ಟ್‌ಗೆ ಎಳೆದುಕೊಳ್ಳುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ಹಾಗೆ ಎಳೆದುಕೊಂಡ ದಿನವೇ ಆ ಲೀಡ್‌ನ ಅಧಿಕಾರ ಮುಗಿಯಿತು. ಹುದ್ದೆಯ ಹೆಸರು ಮಾತ್ರ ಉಳಿಯಿತು. ಆಮೇಲೆ ನಡೆಯುವ ಅಪ್ರೈಸಲ್‌ನಲ್ಲಿ, ನೀವು ಮುಂದೆ ಬಂದು ಹೊಣೆ ಹೊರುವುದಿಲ್ಲ ಎಂದು ಅವನಿಗೇ ಬರೆಯುತ್ತಾರೆ.

ಅಧಿಕಾರ ಕೊಟ್ಟು ಅದರ ಹಿಂದೆ ನಿಲ್ಲುವ ಬಗೆಯನ್ನು ಉಸಾಮಾನ ಪ್ರಸಂಗದಲ್ಲಿ ಕಂಡೆವು. ಇನ್ನು ಒಂದೇ ವಿಷಯ ಉಳಿದಿದೆ. ಸಭೆಯ ಒಳಗಿರುವವರ ಬಗ್ಗೆ ಇಷ್ಟು ಹೊತ್ತು ಮಾತಾಡಿದೆ. ಸಭೆಯ ಹೊರಗಿರುವವರ ಗತಿ ಏನು?

628ರಲ್ಲಿ ಪ್ರವಾದಿಯವರು ಸುಮಾರು 1400 ಜನರೊಂದಿಗೆ ಮಕ್ಕಾ ಯಾತ್ರೆಗೆ ಹೊರಟರು. ಹುದೈಬಿಯಾದಲ್ಲಿ ತಡೆ. ಅಲ್ಲೇ ಕುರೈಶರೊಂದಿಗೆ ಒಪ್ಪಂದ. ಆ ವರ್ಷ ಯಾತ್ರೆ ಇಲ್ಲ, ಹಿಂದಿರುಗಬೇಕು. ಜೊತೆಗಾರರಿಗೆ ಅದು ಅವಮಾನವಾಗಿ ಕಂಡಿತು. ಇಲ್ಲೇ ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದು ಪ್ರವಾದಿಯವರು ಮೂರು ಸಲ ಹೇಳಿದರೂ ಒಬ್ಬರೂ ಏಳಲಿಲ್ಲ. ಅವರು ನೊಂದು ಡೇರೆಯೊಳಗೆ ಹೋದರು. ಪತ್ನಿ ಉಮ್ಮು ಸಲಮಾ ಅಲ್ಲಿದ್ದರು. ಅವರ ಸಲಹೆ ಚಿಕ್ಕದು. ಹೊರಗೆ ಹೋಗಿ. ಯಾರೊಂದಿಗೂ ಮಾತಾಡಬೇಡಿ. ನಿಮ್ಮ ಬಲಿಯನ್ನು ನೀವು ಕೊಡಿ, ನಿಮ್ಮ ತಲೆ ಬೋಳಿಸಿಕೊಳ್ಳಿ. ಹಾಗೇ ಮಾಡಿದರು. ನೋಡುತ್ತಿದ್ದಂತೆ ಎಲ್ಲರೂ ಎದ್ದರು. ಒಪ್ಪಂದದ ಮಾತುಕತೆಯಲ್ಲಿ ಕೂತ ಗಂಡಸರಿಗೆ ಹೊಳೆಯದ ದಾರಿ, ಆ ಮಾತುಕತೆಯಲ್ಲಿ ಇರದಿದ್ದ ಹೆಂಗಸಿಗೆ ಹೊಳೆಯಿತು.

ನಮ್ಮ ಮಹದೇವಪುರದ ಯಾವ ಟೆಕ್ ಪಾರ್ಕಿಗೆ ಹೋದರೂ ಇಂಥ ಹೊರಗಿನವರು ಸಾಲುಗಟ್ಟಲೆ ಸಿಗುತ್ತಾರೆ. ಗೇಟಿನಲ್ಲಿ ಸೆಕ್ಯುರಿಟಿಯವರು. ಒಳಗೆ ಹೌಸ್‌ಕೀಪಿಂಗ್ ಹೆಂಗಸರು. ಕ್ಯಾಂಟೀನಿನವರು, ಕ್ಯಾಬ್ ಡ್ರೈವರ್‌ಗಳು. ಕಾರ್ಖಾನೆಗಳಲ್ಲಿ ಲೋಡಿಂಗ್‌ನವರು, ಪ್ಯಾಕಿಂಗ್‌ನವರು. ಅವರ ಹೆಸರು ಇರುವುದು ಗುತ್ತಿಗೆದಾರನ ಪಟ್ಟಿಯಲ್ಲಿ. ಹೀಗಾಗಿ ಕಂಪನಿಯ ಸಮಿತಿಯಲ್ಲಿ ಅವರಿಗೆ ಕುರ್ಚಿ ಇಲ್ಲ. ರಾತ್ರಿ ಪಾಳಿ ಮುಗಿಸಿದ ಹುಡುಗಿಯನ್ನು ಯಾವ ಗಲ್ಲಿಯ ತಿರುವಿನಲ್ಲಿ ಇಳಿಸಬಾರದು ಎಂದು ಡ್ರೈವರ್‌ಗೆ ಗೊತ್ತು. ಮಳೆ ಬಂದರೆ ಬೇಸ್‌ಮೆಂಟಿನ ಯಾವ ಮೂಲೆಗೆ ಮೊದಲು ನೀರು ನುಗ್ಗುತ್ತದೆ ಎಂದು ಅಲ್ಲಿ ಗುಡಿಸುವವರಿಗೆ ಗೊತ್ತು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಚೇರಿಗಳ ಸುತ್ತ ನೀರು ನಿಂತು ಟ್ರ್ಯಾಕ್ಟರ್‌ನಲ್ಲಿ ಜನರನ್ನು ಸಾಗಿಸಿದ್ದು ನಿಮಗೆ ನೆನಪಿರಬಹುದು. ಸುರಕ್ಷತೆಯ ಸಭೆಗೆ ಇವರಲ್ಲಿ ಇಬ್ಬರನ್ನು ಕೂರಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಕಟ್ಟಡದ ಉಸ್ತುವಾರಿ ಹೊತ್ತವರು ನಾಳೆ ಬೆಳಗ್ಗೆಯೇ ಮಾಡಬಹುದಾದ ಕೆಲಸ ಇದು. ಅವರು ಹೇಳಿದ್ದು ಒಂದು ಸಲ ತಪ್ಪಾದೀತು. ಆಗಲೂ ಮುಂದಿನ ತಿಂಗಳ ಸಭೆಗೆ ಅವರನ್ನು ಕರೆಯಬೇಕು.